ಕ್ರೀಡಾ ಸಂಸ್ಥೆಗಳಲ್ಲಿ ವಯಸ್ಕರ ರಕ್ಷಣೆ: ಮೌಲ್ಯಮಾಪನಕ್ಕೆ ದಾಖಲೆ ಸಿದ್ಧಪಡಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಕ್ರೀಡೆಯಲ್ಲಿ ಸುರಕ್ಷತೆ ಎಂದೊಡನೆ ಮಕ್ಕಳ ವಿಚಾರವೇ ಮುನ್ನೆಲೆಗೆ ಬರುತ್ತದೆ. ಹದಿನೆಂಟು ವರ್ಷ ತುಂಬಿದವರು ತಮ್ಮ ಹಿತವನ್ನು ತಾವೇ ಕಾಯ್ದುಕೊಳ್ಳಬಲ್ಲರೆಂಬ ಭಾವನೆ ಇದಕ್ಕೆ ಕಾರಣ. ಆದರೆ ಬೌದ್ಧಿಕ ವೈಕಲ್ಯವುಳ್ಳ ಓಟಗಾರ, ತಂಡದಲ್ಲಿ ಸ್ಥಾನಕ್ಕಾಗಿ ತರಬೇತುದಾರನ ಒಂದೇ ಮಾತನ್ನು ಅವಲಂಬಿಸಿರುವ ಯುವತಿ, ಬಹುಮಾನದ ಹಣವನ್ನು ಬೇರೊಬ್ಬರಿಗೆ ಒಪ್ಪಿಸಬೇಕಾದ ಕುಸ್ತಿಪಟು ಇವರೆಲ್ಲರೂ ವಯಸ್ಕರೇ. ಇಂಥವರ ದೂರು ಎಲ್ಲಿಗೆ ಹೋಗಬೇಕೆಂಬುದನ್ನು ಸಂಸ್ಥೆಯು ಮೊದಲೇ ನಿರ್ಧರಿಸಿರದಿದ್ದರೆ ಅದು ಮೈದಾನದಲ್ಲಿಯೇ ಉಳಿದುಬಿಡುತ್ತದೆ. ಈ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದಿರುವ ಪದ್ಧತಿಯು ಅಧ್ಯಯನಯೋಗ್ಯವಾಗಿದೆ.

1. ಇಂಗ್ಲೆಂಡಿನ ವ್ಯವಸ್ಥೆ

ಅಲ್ಲಿನ 2014ರ ಆರೈಕೆ ಅಧಿನಿಯಮದ 42ನೇ ಪ್ರಕರಣವು ಅಪಾಯದಲ್ಲಿರುವ ವಯಸ್ಕರ ಕುರಿತಾದುದು. ಆರೈಕೆ ಮತ್ತು ಬೆಂಬಲದ ಅಗತ್ಯವಿದ್ದು, ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಈಡಾಗಿ, ಆ ಅಗತ್ಯದ ಕಾರಣದಿಂದಲೇ ತಮ್ಮನ್ನು ರಕ್ಷಿಸಿಕೊಳ್ಳಲಾಗದವರು ಕಂಡುಬಂದಲ್ಲಿ ಸ್ಥಳೀಯ ಆಡಳಿತವು ವಿಚಾರಣೆ ನಡೆಸತಕ್ಕದ್ದು. ವಯಸ್ಕರ ರಕ್ಷಣೆಗೆ ಆರು ತತ್ತ್ವಗಳನ್ನು ಅಲ್ಲಿ ಅಂಗೀಕರಿಸಲಾಗಿದೆ: ಸಬಲೀಕರಣ, ಮುನ್ನೆಚ್ಚರಿಕೆ, ಅಪಾಯಕ್ಕೆ ತಕ್ಕ ಕ್ರಮ, ರಕ್ಷಣೆ, ಸಹಭಾಗಿತ್ವ ಮತ್ತು ಉತ್ತರದಾಯಿತ್ವ.

ಕ್ರೀಡಾ ಕ್ಷೇತ್ರಕ್ಕೆ ಇವುಗಳನ್ನು ಅನ್ವಯಿಸಲು ನಾಟಿಂಗ್‌ಹ್ಯಾಮ್‌ನ ಆ್ಯನ್ ಕ್ರಾಫ್ಟ್ ಟ್ರಸ್ಟ್ ಎಂಬ ಸೇವಾಸಂಸ್ಥೆಯು ಒಂದು ಚೌಕಟ್ಟನ್ನು ರೂಪಿಸಿದೆ. ಕ್ರೀಡಾ ಸಂಸ್ಥೆಯು ಅದರ ಆಧಾರದಲ್ಲಿ ಮೊದಲು ತನ್ನನ್ನು ತಾನೇ ಅಳೆದುಕೊಂಡು, ಆ ಬಳಿಕ ಪುರಾವೆಗಳನ್ನು ಮುಂದಿಡುತ್ತದೆ.

2. ದಾಖಲೆ ಸಿದ್ಧಪಡಿಸುವ ಹಂತಗಳು

(ಅ) ಹೊಣೆ ನಿಗದಿ: ಆಡಳಿತ ಮಂಡಳಿಯ ಒಬ್ಬ ಸದಸ್ಯರಿಗೂ ದಿನನಿತ್ಯದ ಕೆಲಸಕ್ಕೆ ಒಬ್ಬ ಅಧಿಕಾರಿಗೂ ಹೊಣೆ ವಹಿಸಬೇಕು. ಎಲ್ಲರ ಹೊಣೆ ಎಂದು ಬರೆದಲ್ಲಿ ಅದು ಯಾರ ಹೊಣೆಯೂ ಆಗುವುದಿಲ್ಲ.

(ಆ) ನೀತಿ: ಮಕ್ಕಳ ರಕ್ಷಣಾ ನೀತಿಯಲ್ಲಿ 'ಮಗು' ಎಂಬ ಪದದ ಬದಲು 'ವಯಸ್ಕ' ಎಂದು ತಿದ್ದಿದರೆ ಸಾಲದು. ವಯಸ್ಕರ ನೀತಿಯು ಪ್ರತ್ಯೇಕವಾಗಿದ್ದು, ಅಂಗೀಕಾರದ ದಿನಾಂಕ ಮತ್ತು ಮರುಪರಿಶೀಲನೆಯ ದಿನಾಂಕವನ್ನು ಹೊಂದಿರಬೇಕು.

(ಇ) ಪುರಾವೆ: ಸಭಾ ನಡವಳಿ, ತರಬೇತಿಯ ಹಾಜರಿ ಪುಸ್ತಕ, ಸಿಬ್ಬಂದಿ ಮತ್ತು ಸ್ವಯಂಸೇವಕರ ಪೂರ್ವಾಪರ ಪರಿಶೀಲನೆಯ ದಾಖಲೆ, ದೂರುಗಳ ವಹಿ. ದೂರುದಾರರ ಹೆಸರು ಮತ್ತು ಗುರುತುಗಳನ್ನು ಮರೆಮಾಡಿಯೇ ಇವನ್ನು ಸಲ್ಲಿಸತಕ್ಕದ್ದು.

(ಈ) ಆಟಗಾರರ ಧ್ವನಿ: ಯಾರಲ್ಲಿ ದೂರಬೇಕೆಂಬುದು ಆಟಗಾರರಿಗೆ ತಿಳಿದಿದೆಯೇ ಎಂದು ಅವರನ್ನೇ ಕೇಳಿ, ಉತ್ತರವನ್ನು ದಾಖಲಿಸಬೇಕು. ನೀತಿಯು ಕಪಾಟಿನಲ್ಲಿದೆಯೋ ಬಳಕೆಯಲ್ಲಿದೆಯೋ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

(ಉ) ಕೊರತೆಗಳ ಪಟ್ಟಿ: ಆಗದಿರುವ ಕೆಲಸವನ್ನು ಆಗಿದೆ ಎಂದು ಬರೆಯಬಾರದು. ಕೊರತೆ, ಅದನ್ನು ನೀಗಿಸುವವರು, ಗಡುವು ಈ ಮೂರನ್ನೂ ತೋರಿಸುವ ಕ್ರಿಯಾಯೋಜನೆಯು ಸಲ್ಲಿಕೆಯ ಅಂಗವಾಗಿರಬೇಕು. ದೂರುಗಳ ವಹಿ ಖಾಲಿಯಾಗಿದೆ ಎಂಬುದೊಂದೇ ಸುರಕ್ಷತೆಗೆ ಸಾಕ್ಷಿಯಲ್ಲ. ದೂರುವ ದಾರಿಯೇ ಇಲ್ಲದಿದ್ದಾಗಲೂ ವಹಿ ಖಾಲಿಯಾಗಿಯೇ ಇರುತ್ತದೆ.

3. ಸಮ್ಮತಿಯ ಪ್ರಶ್ನೆ

ಮಕ್ಕಳ ರಕ್ಷಣೆಗೂ ವಯಸ್ಕರ ರಕ್ಷಣೆಗೂ ಇರುವ ಮುಖ್ಯ ವ್ಯತ್ಯಾಸ ಸಮ್ಮತಿ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಅಧಿನಿಯಮದ ಪ್ರಕಾರ, ಸಾಮರ್ಥ್ಯವಿಲ್ಲವೆಂದು ಸ್ಥಾಪಿತವಾಗುವವರೆಗೆ ಪ್ರತಿಯೊಬ್ಬರೂ ಸ್ವಂತ ನಿರ್ಧಾರಕ್ಕೆ ಸಮರ್ಥರೆಂದೇ ಭಾವಿಸಬೇಕು. ಒಬ್ಬರ ನಿರ್ಧಾರವು ಇತರರಿಗೆ ವಿವೇಕವಲ್ಲವೆಂದು ತೋರಿದ ಮಾತ್ರಕ್ಕೆ ಅವರನ್ನು ಅಸಮರ್ಥರೆನ್ನುವಂತಿಲ್ಲ. ಆದಕಾರಣ, ಮಾಹಿತಿಯನ್ನು ಹೊರಗೆ ತಿಳಿಸುವ ಮೊದಲು ವಯಸ್ಕರ ಇಚ್ಛೆಯನ್ನು ಕೇಳುವುದು ಸಾಮಾನ್ಯ ನಿಯಮ. ಇತರರಿಗೂ ಅಪಾಯವಿದ್ದಾಗ, ಗಂಭೀರ ಅಪರಾಧದ ಶಂಕೆಯಿದ್ದಾಗ, ಅಥವಾ ಆ ವ್ಯಕ್ತಿಯು ಬೆದರಿಕೆಗೆ ಒಳಗಾಗಿರುವಾಗ ಸಮ್ಮತಿಯಿಲ್ಲದೆಯೂ ತಿಳಿಸಬಹುದು. ಅದರ ಕಾರಣವನ್ನು ಮಾತ್ರ ಬರೆದಿಡತಕ್ಕದ್ದು.

4. ನಮ್ಮಲ್ಲಿನ ಕಾನೂನು

ಇಂಗ್ಲೆಂಡಿನ ಅಧಿನಿಯಮಗಳು ಇಲ್ಲಿ ಅನ್ವಯಿಸುವುದಿಲ್ಲ. ಆದರೆ ಇದೇ ಉದ್ದೇಶಕ್ಕೆ ಒದಗುವ ಕಾನೂನು ನಮ್ಮಲ್ಲಿಯೂ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮವು 'ಕೆಲಸದ ಸ್ಥಳ' ಎಂಬ ಪದದಲ್ಲಿ ಕ್ರೀಡಾ ತರಬೇತಿ ಸಂಸ್ಥೆ, ಕ್ರೀಡಾಂಗಣ ಹಾಗೂ ಸ್ಪರ್ಧೆಯ ಸ್ಥಳಗಳನ್ನೂ ಸೇರಿಸಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇರುವಲ್ಲಿ, ಅಥವಾ ದೂರು ಉದ್ಯೋಗದಾತನ ಮೇಲೆಯೇ ಇದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ದೂರು ನೀಡಲು ಘಟನೆಯಿಂದ ಮೂರು ತಿಂಗಳ ಅವಧಿಯಿದ್ದು, ಸಕಾರಣವಿದ್ದಲ್ಲಿ ಸಮಿತಿಯು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 7ನೇ ಪ್ರಕರಣದಂತೆ, ವಿಕಲಚೇತನರ ಮೇಲೆ ದೌರ್ಜನ್ಯ ಅಥವಾ ಶೋಷಣೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ತಿಳಿದ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ನೀಡಬಹುದು. 

5. ಸದಸ್ಯರು ಮಾಡಬಹುದಾದುದು

ಗ್ರಾಮದ ಯುವಕ ಸಂಘ ಅಥವಾ ಕ್ರೀಡಾ ಸಂಘವು ಪಂದ್ಯಾವಳಿಗೆ ಪಂಚಾಯಿತಿಯ ಮೈದಾನವನ್ನಾಗಲೀ ನೆರವನ್ನಾಗಲೀ ಕೋರಿದಾಗ, ಮೇಲೆ ಹೇಳಿದ ಐದು ಹಂತಗಳನ್ನೇ ಸರಳ ಪ್ರಶ್ನೆಗಳಾಗಿ ಕೇಳಬಹುದು. ದೂರು ಸ್ವೀಕರಿಸುವವರು ಯಾರು? ಆ ವ್ಯಕ್ತಿಯ ಮೇಲೆಯೇ ದೂರಿದ್ದರೆ ಮುಂದಿನ ದಾರಿ ಯಾವುದು? ಮಹಿಳಾ ಆಟಗಾರ್ತಿಯರಿಗೆ ಬಟ್ಟೆ ಬದಲಿಸಲು ಪ್ರತ್ಯೇಕ ಸ್ಥಳವಿದೆಯೇ? ವಿಕಲಚೇತನ ಆಟಗಾರರೊಡನೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾತನಾಡಿದ್ದಾರೆಯೇ? ತುರ್ತು ಸಂಖ್ಯೆ 112 ಹಾಗೂ ಮಹಿಳಾ ಸಹಾಯವಾಣಿ 181 ಮೈದಾನದಲ್ಲಿ ಎಲ್ಲರಿಗೂ ಕಾಣುವಂತಿವೆಯೇ?

ಉತ್ತರಗಳನ್ನು ಒಂದು ಪುಟದಲ್ಲಿ ಬರೆಯಿಸಿ, ಸಂಘದ ಪದಾಧಿಕಾರಿಗಳ ಸಹಿಯೊಂದಿಗೆ ಕಡತದಲ್ಲಿರಿಸುವುದು ಸೂಕ್ತ. ಮುಂದಿನ ವರ್ಷ ಅದೇ ಸಂಘವು ಮತ್ತೆ ಅರ್ಜಿ ಸಲ್ಲಿಸಿದಾಗ ಆ ಪುಟವನ್ನು ತೆರೆದು, ಹೇಳಿದ್ದರಲ್ಲಿ ಎಷ್ಟು ನಡೆದಿದೆ ಎಂಬುದನ್ನು ಪರಿಶೀಲಿಸತಕ್ಕದ್ದು.