ಕಂಪ್ಯೂಟರಿನ ಕಣ ಗುಡಿಸುವುದು

ಕಳೆದ ಕುಯ್ಲಿನ ಒಂದು ಶನಿವಾರ. ಹಣ್ಣಿನ ತೂಕ ಮುಗಿದು ಹದಿನಾಲ್ಕು ಜನ ಬಟವಾಡೆಗೆ ಕಣದ ಅಂಚಿನಲ್ಲಿ ಕೂತಿದ್ದರು. ವಾರದ ತೂಕವನ್ನೆಲ್ಲ ನಾನು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಕೂಡಿಸುವ ಕೆಲಸ ಅದೇ ಮಾಡ್ತದೆ, ಹತ್ತು ನಿಮಿಷದ ಕೆಲಸ ಅಂತ ನನ್ನ ಧೈರ್ಯ. ತೆರೆದು ನೋಡಿದರೆ ಪರದೆಯ ತುಂಬ ಫೈಲುಗಳು. 'ಕಾಫಿ', 'ಕಾಫಿ ಹೊಸತು', 'ಕಾಫಿ ಹೊಸತು 2', 'ಕಾಫಿ ಫೈನಲ್', 'ಕಾಫಿ ಫೈನಲ್ ಸರಿಯಾದ್ದು'. ನಡುವೆ ಮದುವೆ ಕಾಗದ, ಗೊಬ್ಬರದ ಬಿಲ್ಲಿನ ಫೋಟೋ, ಮಗಳ ಶಾಲೆಯ ಪ್ರಾಜೆಕ್ಟು. ಒಂದು ತೆರೆದೆ, ಎರಡು ವಾರ ಹಿಂದಿನದು. ಇನ್ನೊಂದು ತೆರೆದೆ, ಮಂಗಳವಾರದ ತನಕ ಮಾತ್ರ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

"ಅಯ್ಯಾ, ಕೊನೇ ಬಸ್ಸು ಹೋಗ್ತದೆ" ಅಂತ ಹೊರಗಿನಿಂದ ಮಾತು ಬಂತು. ಅಂದಾಜಿನಲ್ಲಿ ದುಡ್ಡು ಕೊಟ್ಟು ಕಳಿಸಿದೆ. ಸೋಮವಾರ ತಾಳೆ ನೋಡಿದಾಗ ಇಬ್ಬರಿಗೆ ಕಡಿಮೆ ಕೊಟ್ಟಿದ್ದೆ. ಅದರಲ್ಲಿ ಒಬ್ಬಾಕೆ ಓದು ಬರಹ ಬಾರದವಳು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ ಲೆಕ್ಕ ಇಟ್ಟಿದ್ದಳು. ಅವಳ ಲೆಕ್ಕ ಸರಿ, ನನ್ನ ಕಂಪ್ಯೂಟರಿನ ಲೆಕ್ಕ ತಪ್ಪು. ಬಾಕಿ ಕೊಟ್ಟು ತಪ್ಪಾಯಿತು ಅಂತ ಹೇಳಿದೆ. ಆಕೆ ನಕ್ಕು ಸುಮ್ಮನಾದಳು. ನನಗೆ ಮಾತ್ರ ನಾಚಿಕೆ ಹೋಗಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ. ನಾನು ಇಟ್ಟುಕೊಂಡ ರೀತಿ ಕೆಟ್ಟಿತ್ತು. ಆಮೇಲೆ ಒಂದು ಮಳೆಗಾಲ ಕೂತು ಸರಿ ಮಾಡಿಕೊಂಡೆ. ನನ್ನ ಹಾಗೆ ಐದಾರು ಎಕರೆಯ ಬೆಳೆಗಾರರು, ಮನೆಯಲ್ಲೊಂದು ಕಂಪ್ಯೂಟರೋ ಲ್ಯಾಪ್‌ಟಾಪೋ ಇಟ್ಟುಕೊಂಡು ಒದ್ದಾಡುವವರು, ಇದನ್ನು ಓದಿ ಮಾಡಿ ನೋಡಬಹುದು. ನಾನು ಹೇಳುವುದು ವಿಂಡೋಸ್ ಇರುವ ಯಂತ್ರಕ್ಕೆ.

ಕಣ ಬೇರೆ, ಉಗ್ರಾಣ ಬೇರೆ

ಕಂಪ್ಯೂಟರ್ ಹೊತ್ತಿಸಿದ ಕೂಡಲೇ ಕಾಣುವ ಪರದೆಗೆ ಡೆಸ್ಕ್‌ಟಾಪ್ ಅನ್ನುತ್ತಾರೆ. ಮೇಜಿನ ಮೇಲ್ಭಾಗ ಅಂತ ಅರ್ಥ. ಅಮೆರಿಕದ ಜೆರಾಕ್ಸ್ ಕಂಪನಿಯವರು 1981ರಲ್ಲಿ ಸ್ಟಾರ್ ಅನ್ನುವ ಯಂತ್ರ ಮಾರಾಟಕ್ಕೆ ತಂದಾಗ ಕಚೇರಿಯ ಮೇಜು, ಅದರ ಮೇಲೆ ಕಡತ, ಕಾಗದ, ಹೀಗೆ ಚಿತ್ರ ಮಾಡಿ ಪರದೆಯಲ್ಲಿ ಇಟ್ಟರು. 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಬಂತು. 1995ರ ವಿಂಡೋಸ್‌ನಲ್ಲಿ ಕೆಳಗಿನ ಪಟ್ಟಿ, ಸ್ಟಾರ್ಟ್ ಗುಂಡಿ, ಕಸದ ಬುಟ್ಟಿ ಬಂದವು. ನಾವು ಇವತ್ತೂ ಹೆಚ್ಚುಕಡಿಮೆ ಅದನ್ನೇ ನೋಡುತ್ತಿದ್ದೇವೆ.

ಮೇಜಿನ ಹೋಲಿಕೆ ಕಚೇರಿಯವರಿಗೆ ಸರಿ. ನಮಗೆ ಕಣದ ಹೋಲಿಕೆಯೇ ಚೆನ್ನ. ಕಣದಲ್ಲಿ ಇವತ್ತು ಒಣಗಬೇಕಾದ್ದು ಮಾತ್ರ ಇರಬೇಕು. ಒಣಗಿದ್ದನ್ನು ಚೀಲಕ್ಕೆ ತುಂಬಿ ಉಗ್ರಾಣಕ್ಕೆ ಹಾಕುತ್ತೇವೆ. ಹೋದ ವರ್ಷದ ಚೆರ್ರಿಯನ್ನೂ ಈ ವರ್ಷದ ಪಾರ್ಚ್‌ಮೆಂಟನ್ನೂ ಒಟ್ಟಿಗೆ ಕಣದಲ್ಲೇ ಹರಡಿಕೊಂಡು ಯಾರಾದರೂ ಕೂರುತ್ತಾರಾ? ಕಂಪ್ಯೂಟರಿನಲ್ಲಿ ನಾನು ಮಾಡಿದ್ದು ಅದನ್ನೇ.

ಹಾಗಾಗಿ ಮೊದಲ ಕೆಲಸ ಉಗ್ರಾಣ ಕಟ್ಟುವುದು. ಯಂತ್ರದಲ್ಲಿ ಡಿ ಡ್ರೈವ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಡಾಕ್ಯುಮೆಂಟ್ಸ್ ಒಳಗೆ, 'ತೋಟ' ಅಂತ ಒಂದು ಫೋಲ್ಡರ್ ಮಾಡಿ. ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸ ಫೋಲ್ಡರ್ ಹುಟ್ಟುತ್ತದೆ. ಅದರೊಳಗೆ ವರ್ಷಕ್ಕೊಂದು. ವರ್ಷ ಯಾವುದು ಅನ್ನುವುದೇ ನಮ್ಮಲ್ಲಿ ಒಂದು ತಕರಾರು. ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ಬ್ಯಾಂಕಿನ ವರ್ಷ ಏಪ್ರಿಲಿನಿಂದ ಮಾರ್ಚ್, ಮಳೆಯ ಲೆಕ್ಕ ಜನವರಿಯಿಂದ. ನಾನು ಏಪ್ರಿಲ್-ಮಾರ್ಚ್ ಹಿಡಿದೆ. ನವೆಂಬರಿನಲ್ಲಿ ಶುರುವಾಗುವ ಅರೇಬಿಕಾ ಕುಯ್ಲೂ, ಆಮೇಲಿನ ರೊಬಸ್ಟಾ ಕುಯ್ಲೂ ಒಂದೇ ಫೋಲ್ಡರಿನಲ್ಲಿ ಸಿಗುತ್ತವೆ, ಸಾಲದ ಕಾಗದಕ್ಕೂ ಹೊಂದುತ್ತದೆ. ಮಳೆಯದು ಮಾತ್ರ ವರ್ಷದ ಹಂಗಿಲ್ಲದೆ ಒಂದೇ ಫೈಲು. ಹೂಮಳೆ ಎಂದು ಬಂತು, ಎಷ್ಟು ಇಂಚು ಎಷ್ಟು ಸೆಂಟ್ಸ್, ಹಿಮ್ಮಳೆ ಎಷ್ಟು ದಿನ ಬಿಟ್ಟು ಬಂತು ಅನ್ನುವುದನ್ನು ವರ್ಷ ವರ್ಷ ಪಕ್ಕದಲ್ಲಿಟ್ಟು ನೋಡಿದರೇ ಪ್ರಯೋಜನ.

ವರ್ಷದ ಫೋಲ್ಡರ್ ಒಳಗೆ ನನ್ನದು ಐದೇ ಮನೆ. 01 ಆಳು, 02 ಕುಯ್ಲು ಮತ್ತು ಕಣ, 03 ಗೊಬ್ಬರ ಮದ್ದು, 04 ಮಾರಾಟ, 05 ಬಿಲ್ಲುಗಳು. ಮುಂದೆ ಅಂಕಿ ಹಾಕಿದ್ದು ಯಾಕೆಂದರೆ ಕಂಪ್ಯೂಟರ್ ತನ್ನ ಪಾಡಿಗೆ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುತ್ತದೆ. ಅಂಕಿ ಇದ್ದರೆ ನಮ್ಮ ಕ್ರಮಕ್ಕೆ ನಿಲ್ಲುತ್ತದೆ. ಹತ್ತು ಹದಿನೈದು ಮನೆ ಮಾಡಲು ಹೋಗಬೇಡಿ. ಯಾವುದಕ್ಕೆ ಹಾಕೋದು ಅಂತ ಯೋಚನೆ ಬಂದ ದಿನವೇ ಮತ್ತೆ ಪರದೆ ಮೇಲೆ ಎಸೆಯುವ ಚಾಳಿ ಶುರುವಾಗುತ್ತದೆ.

ಇಷ್ಟಲ್ಲದೆ ವರ್ಷಕ್ಕೆ ಸೇರದ ಒಂದು ಫೋಲ್ಡರ್ ಬೇಕು. ಅದಕ್ಕೆ 'ಕಾಗದಪತ್ರ' ಅಂತಿಟ್ಟಿದ್ದೇನೆ. ಪಹಣಿ, ನಕ್ಷೆ, ಎಫ್‌ಐಡಿ ನಂಬರು, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಮಾಡಿಸಿದ ಮಣ್ಣು ಪರೀಕ್ಷೆ, ಕಾಫಿ ಬೋರ್ಡಿನ ನೋಂದಣಿ ಎಲ್ಲ ಅಲ್ಲಿ. ಈಗ ಇನ್ನೊಂದು ಸೇರಿಕೊಂಡಿದೆ. ಯುರೋಪಿನವರು 2023ರಲ್ಲಿ ಮಾಡಿದ ಕಾಯಿದೆ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಅಲ್ಲಿ ಮಾರುವ ಹಾಗಿಲ್ಲ. ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶವನ್ನೂ ಕೊಡಬೇಕು. ಜಾರಿಯ ದಿನವನ್ನು 2024ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಮುಂದೂಡಿದರು. ಆದರೂ ನಮ್ಮ ಜಾಗದ ಗುರುತು ನಮ್ಮ ಹತ್ತಿರ ಇದ್ದರೆ ಕೊಳ್ಳುವವರು ಕೇಳಿದ ದಿನ ಪರದಾಡುವುದು ತಪ್ಪುತ್ತದೆ. ನಾಲ್ಕು ಹೆಕ್ಟೇರಿಗಿಂತ ಸಣ್ಣ ಜಮೀನಿಗೆ ಒಂದು ಬಿಂದುವಿನ ಗುರುತು ಸಾಕು.

ಹೆಸರಿಡುವುದು

ಫೈಲಿಗೆ 'ಫೈನಲ್' ಅಂತ ಹೆಸರಿಡಬೇಡಿ. ತೋಟದ ಲೆಕ್ಕದಲ್ಲಿ ಫೈನಲ್ ಅನ್ನುವುದು ಇಲ್ಲವೇ ಇಲ್ಲ. ದಿನಾಂಕವನ್ನು ಮೊದಲು ಬರೆಯಿರಿ, ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. '2025-12-06 ಬಟವಾಡೆ' ಅಂತಿಟ್ಟರೆ ಹಿಂದಿನ ವಾರದ್ದರ ಕೆಳಗೆ ತಾನಾಗಿ ಬಂದು ಕೂರುತ್ತದೆ. ನಮ್ಮ ರೂಢಿಯಂತೆ 06-12-2025 ಅಂತ ಬರೆದರೆ ಎಲ್ಲಾ ತಿಂಗಳ ಆರನೇ ತಾರೀಖುಗಳು ಒಂದು ಕಡೆ ಗುಂಪು ಕಟ್ಟುತ್ತವೆ. ಓರೆಗೆರೆಯನ್ನು ಹೆಸರಿನಲ್ಲಿ ಅದು ಒಪ್ಪುವುದಿಲ್ಲ, ಅಡ್ಡಗೆರೆ ಹಾಕಿ. ಹೆಸರು ಬದಲಿಸಲು ಫೈಲನ್ನು ಒಮ್ಮೆ ಮುಟ್ಟಿ ಎಫ್2 ಒತ್ತಿ.

ಹೆಸರು ಕನ್ನಡದಲ್ಲೇ ಇಡಬಹುದು. ಮೂಡಿಗೆರೆ ಸೀಮೆಯ ನಮಗೆ ಕಂಪ್ಯೂಟರಿನಲ್ಲಿ ಕನ್ನಡ ಅಂದರೆ ಪೂರ್ಣಚಂದ್ರ ತೇಜಸ್ವಿ ನೆನಪಾಗುತ್ತಾರೆ. 2007ರಲ್ಲಿ ತೀರಿಕೊಳ್ಳುವ ತನಕ ಕನ್ನಡದ ತಂತ್ರಾಂಶಕ್ಕಾಗಿ ಅವರು ಬೆನ್ನು ಬಿದ್ದಿದ್ದರು. ಆಗ ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಈಗ ಯುನಿಕೋಡ್ ಇರುವುದರಿಂದ ಆ ತೊಂದರೆ ಇಲ್ಲ. ನಿಮ್ಮ ಹತ್ತಿರ ಹಳೇ ನುಡಿ ಅಕ್ಷರದಲ್ಲಿ ಬರೆದಿಟ್ಟ ಲೆಕ್ಕ ಇದ್ದರೆ ಅದನ್ನು ಯುನಿಕೋಡಿಗೆ ಈಗಲೇ ಬದಲಿಸಿಡಿ. ಆ ಅಕ್ಷರ ಇಲ್ಲದ ಯಂತ್ರದಲ್ಲಿ ಅದು ಬರೀ ಚಿತ್ತು ಚಿತ್ತಾಗಿ ಕಾಣುತ್ತದೆ.

ಬಾಣದ ಗುರುತು ನೋಡಿಕೊಳ್ಳಿ

ಉಗ್ರಾಣ ಒಳಗಿದ್ದರೆ ದಿನಾ ಅಷ್ಟು ಒಳಗೆ ಹೋಗಿಬರಬೇಕಾ ಅಂತ ಕೇಳಬಹುದು. ಬೇಡ. ದಿನಬಳಕೆಯ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸೆಂಡ್ ಟು ಅನ್ನುವುದರಲ್ಲಿ ಡೆಸ್ಕ್‌ಟಾಪ್ ಆರಿಸಿದರೆ ಒಂದು ಶಾರ್ಟ್‌ಕಟ್ ಪರದೆಗೆ ಬರುತ್ತದೆ. ವಿಂಡೋಸ್ 11ರಲ್ಲಿ ಮೊದಲು ಶೋ ಮೋರ್ ಆಪ್ಷನ್ಸ್ ಒತ್ತಬೇಕು. ಅದರ ಮೂಲೆಯಲ್ಲಿ ಸಣ್ಣ ಬಾಣ ಇರುತ್ತದೆ. ಬಾಣ ಇದ್ದರೆ ಅದು ಬಾಗಿಲು ಮಾತ್ರ, ಸರಕು ಅಲ್ಲ. ಬಾಗಿಲು ಅಳಿಸಿದರೂ ಒಳಗಿನ ಸರಕಿಗೆ ಏನೂ ಆಗುವುದಿಲ್ಲ.

ಇದು ಗೊತ್ತಿಲ್ಲದೆ ನಾನು ಒಮ್ಮೆ ಪೇಚಾಡಿದ್ದೇನೆ. ಬೆಳೆನಷ್ಟದ ಅರ್ಜಿಗೆ ಮಳೆಯ ಲೆಕ್ಕ ಬೇಕಿತ್ತು. ಪರದೆಯ ಮೇಲಿದ್ದ ಮಳೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಘಾಟಿ ಹತ್ತಿಳಿದು ಚಿಕ್ಕಮಗಳೂರಿಗೆ ಹೋದೆ. ಅಲ್ಲಿ ಚುಚ್ಚಿದರೆ ತೆರೆಯಲೇ ಇಲ್ಲ. ನಾನು ಒಯ್ದದ್ದು ಬಾಣ! ಸರಕು ಮನೆಯಲ್ಲೇ ಇತ್ತು. ಒಂದು ದಿನದ ಕೆಲಸ, ಬಸ್ ಚಾರ್ಜು ಎರಡೂ ಹೋದವು. ಪೆನ್‌ಡ್ರೈವಿಗೆ ಹಾಕಿದ ಮೇಲೆ ಅದರೊಳಗಿನಿಂದಲೇ ತೆರೆದರೂ ಸಾಲದು. ಮನೆಯ ಯಂತ್ರದಲ್ಲಿ ಬಾಣವೂ ತೆರೆಯುತ್ತದಲ್ಲ! ಫೈಲಿನ ಗಾತ್ರ ನೋಡಿ. ಒಂದೆರಡು ಕೆಬಿ ಮಾತ್ರ ಇದ್ದರೆ ಅನುಮಾನಪಡಿ.

ಕೆಳಗಿನ ಪಟ್ಟಿ

ಶಾರ್ಟ್‌ಕಟ್ಟಿಗಿಂತ ನನಗೆ ಹೆಚ್ಚು ಉಪಕಾರ ಆಗಿದ್ದು ಪರದೆಯ ಕೆಳಗಿನ ಪಟ್ಟಿಯಿಂದ. ಎಕ್ಸೆಲ್ ತೆರೆದಿರುವಾಗ ಪಟ್ಟಿಯಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ಪಿನ್ ಟು ಟಾಸ್ಕ್‌ಬಾರ್ ಅಂದರೆ ಅದು ಅಲ್ಲೇ ಉಳಿಯುತ್ತದೆ. ಮತ್ತೆ ಬಲಗುಂಡಿ ಒತ್ತಿದರೆ ಇತ್ತೀಚೆಗೆ ತೆರೆದ ಫೈಲುಗಳ ಹೆಸರು ಬರುತ್ತದೆ. ಬೇಕಾದ್ದರ ಪಕ್ಕದ ಗುಂಡುಸೂಜಿ ಒತ್ತಿದರೆ ಆ ಫೈಲು ಮೇಲೆ ಖಾಯಂ ಆಗಿ ನಿಲ್ಲುತ್ತದೆ. ನನ್ನದರಲ್ಲಿ ಮೂರು ನಿಂತಿವೆ: ಆಳು, ತೂಕ, ಮಳೆ. ಪಟ್ಟಿಯಲ್ಲಿ ಮೊದಲು ನಿಲ್ಲಿಸಿದ್ದು ವಿಂಡೋಸ್ ಗುಂಡಿಯ ಜೊತೆ 1 ಒತ್ತಿದರೆ ತೆರೆಯುತ್ತದೆ, ಎರಡನೆಯದು 2ಕ್ಕೆ. ಕೈಯಲ್ಲಿ ಕಾಫಿ ಅಂಟು ಇರುವಾಗ ಮೌಸ್ ಹಿಡಿಯುವ ಬದಲು ಇದೇ ಸಲೀಸು.

ಇನ್ನೆರಡು ಗುಂಡಿ ನೆನಪಿಟ್ಟರೆ ಸಾಕು. ವಿಂಡೋಸ್ ಮತ್ತು ಡಿ ಒತ್ತಿದರೆ ತೆರೆದದ್ದೆಲ್ಲ ಸರಿದು ಪರದೆ ಕಾಣುತ್ತದೆ. ವಿಂಡೋಸ್ ಮತ್ತು ಇ ಒತ್ತಿದರೆ ಉಗ್ರಾಣದ ಬಾಗಿಲು. ಅಲ್ಲಿ 'ತೋಟ' ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪಿನ್ ಟು ಕ್ವಿಕ್ ಆಕ್ಸೆಸ್ ಅಂದರೆ ಎಡಗಡೆ ಯಾವಾಗಲೂ ಸಿಗುತ್ತದೆ.

ಚಂದಕ್ಕಿಂತ ಕಾಣುವುದು ಮುಖ್ಯ

ಕಾಫಿ ಹೂ ಬಿಟ್ಟ ದಿನ ತೆಗೆದ ಫೋಟೋವನ್ನು ನಾನು ಪರದೆಯ ಹಿನ್ನೆಲೆಗೆ ಹಾಕಿದ್ದೆ. ಬಂದವರೆಲ್ಲ ಹೊಗಳಿದರು. ಆದರೆ ಫೈಲಿನ ಹೆಸರುಗಳು ಬಿಳಿ, ಹೂವೂ ಬಿಳಿ. ಹೆಸರು ಓದಲಾಗದೆ ತಪ್ಪು ಫೈಲು ತೆರೆಯುತ್ತಿದ್ದದ್ದಕ್ಕೆ ಅದೂ ಒಂದು ಕಾರಣ. ಈಗ ಕಡು ಹಸಿರು ಬಣ್ಣ ಬಿಟ್ಟರೆ ಏನೂ ಇಲ್ಲ. ಕಣ್ಣು ಮಂಜಾದವರು ಪರದೆಯ ಖಾಲಿ ಜಾಗದಲ್ಲಿ ಮೌಸ್ ಇಟ್ಟು, ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಗಾಲಿ ತಿರುಗಿಸಿದರೆ ಚಿತ್ರಗಳು ದೊಡ್ಡದಾಗುತ್ತವೆ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ವ್ಯೂ ಅನ್ನುವುದರಲ್ಲಿ ಆಟೋ ಅರೇಂಜ್ ತೆಗೆದುಬಿಟ್ಟರೆ ನಾವಿಟ್ಟದ್ದು ಇಟ್ಟಲ್ಲೇ ಇರುತ್ತದೆ. ಕತ್ತಿ ಯಾವ ಗೂಟದಲ್ಲಿದೆ ಅಂತ ಕತ್ತಲಲ್ಲೂ ಕೈಗೆ ಗೊತ್ತಿರುತ್ತದಲ್ಲ, ಹಾಗೆ.

ಮಕ್ಕಳೂ ಅದೇ ಯಂತ್ರ ಬಳಸುತ್ತಿದ್ದರೆ ಅವರಿಗೆ ಬೇರೆ ಯೂಸರ್ ಖಾತೆ ಮಾಡಿಕೊಡಿ. ಖಾತೆಗೊಂದು ಪರದೆ. ಅವರ ಆಟ ಅವರ ಪರದೆಯಲ್ಲಿ, ನಮ್ಮ ಬಟವಾಡೆ ನಮ್ಮ ಪರದೆಯಲ್ಲಿ.

ಕರೆಂಟು, ಮಳೆ, ರಿಪೇರಿ

ಕಳಸದ ಕಡೆಯ ಮಳೆಗಾಲದ ಕರೆಂಟಿನ ಬಗ್ಗೆ ಹೇಳುವುದೇ ಬೇಡ. ಎಕ್ಸೆಲ್ ಮಾಮೂಲಾಗಿ ಹತ್ತು ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಫೈಲ್, ಆಪ್ಷನ್ಸ್, ಸೇವ್ ಇಲ್ಲಿಗೆ ಹೋಗಿ ಅದನ್ನು ಎರಡು ನಿಮಿಷ ಮಾಡಿ. ಆದರೂ ಒಬ್ಬೊಬ್ಬರ ತೂಕ ಬರೆದ ಹಾಗೆ ಕಂಟ್ರೋಲ್ ಎಸ್ ಒತ್ತುವುದು ರೂಢಿಯಾಗಬೇಕು. ಸಿಡಿಲಿನ ದಿನ ಪ್ಲಗ್ಗನ್ನೇ ಕಿತ್ತಿಡಿ.

ಪರದೆಯ ಮೇಲಿಟ್ಟದ್ದು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿದರೆ ಮೊದಲು ಹೋಗುವುದು ಅದೇ. ನನಗೆ ಹಾಗೆಯೇ ಮೂರು ವರ್ಷದ ಮಳೆ ಲೆಕ್ಕ ಹೋಗಿತ್ತು. ಅಪ್ಪ ಬರೆದಿಟ್ಟ ಹಳೇ ಡೈರಿಗಳು ಮಾತ್ರ ಅಟ್ಟದ ಮೇಲೆ ಭದ್ರವಾಗಿವೆ. ಡಾಕ್ಯುಮೆಂಟ್ಸ್ ಕೂಡ ಸಿ ಡ್ರೈವಿನಲ್ಲೇ ಇರುತ್ತದೆ, ಹಾಗಾಗಿ ಅಲ್ಲಿ ಉಗ್ರಾಣ ಮಾಡಿದವರು ಇನ್ನೂ ಹುಷಾರಾಗಿರಬೇಕು. ರಿಪೇರಿಗೆ ಕೊಡುವ ಮೊದಲು 'ತೋಟ' ಫೋಲ್ಡರನ್ನು ಪೂರ್ತಿ ನಕಲು ತೆಗೆಯಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈಗ ಹಲವರು 11 ಹಾಕಿಸಲು ಓಡಾಡುತ್ತಿದ್ದಾರೆ. ಅವರಿಗೆ ಈ ಮಾತು ವಿಶೇಷವಾಗಿ.

ಹೊಸ ಯಂತ್ರಗಳಲ್ಲಿ ಪರದೆಯ ಮೇಲಿನದ್ದು ಒನ್‌ಡ್ರೈವ್ ಅನ್ನುವ ಇಂಟರ್‌ನೆಟ್ ಉಗ್ರಾಣಕ್ಕೆ ತಾನಾಗಿ ಹೋಗುವ ಏರ್ಪಾಡು ಇರಬಹುದು. ಪುಕ್ಕಟೆ ಸಿಗುವುದು 5 ಜಿಬಿ. ನಾಲ್ಕು ಮದುವೆ ವಿಡಿಯೋ ಪರದೆ ಮೇಲೆ ಬಿದ್ದರೆ ಅದು ತುಂಬಿ, ಬೇಕಾದ ಲೆಕ್ಕ ಹೊರಗೆ ಉಳಿಯುತ್ತದೆ. ಲೆಕ್ಕದ ಫೈಲುಗಳಿಗಾದರೆ ಎಷ್ಟೋ ವರ್ಷಕ್ಕೆ ಸಾಕು. ನೆಟ್‌ವರ್ಕ್ ಸರಿ ಇಲ್ಲದ ಕಡೆ ಇದನ್ನೊಂದೇ ನಂಬಬೇಡಿ.

ನಾನು ಎರಡು ಪೆನ್‌ಡ್ರೈವ್ ಇಟ್ಟಿದ್ದೇನೆ. ಒಂದು ಸಮ ವಾರಕ್ಕೆ, ಒಂದು ಬೆಸ ವಾರಕ್ಕೆ. ಒಂದರಲ್ಲಿ ತಪ್ಪು ನಕಲಾದರೂ ಇನ್ನೊಂದರಲ್ಲಿ ಹಿಂದಿನ ವಾರದ್ದು ಇರುತ್ತದೆ. ಪೆನ್‌ಡ್ರೈವಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರ ಹೋಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಎರಡನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ತೇವ ಹೀರುವ ಪೊಟ್ಟಣ ಹಾಕಿ ಇಡುತ್ತೇನೆ.

ಈಗ ಶನಿವಾರ ತೂಕಕ್ಕೆ ಮೊದಲೇ, ಮಧ್ಯಾಹ್ನ ಊಟವಾದ ಮೇಲೆ ಕಾಲು ಗಂಟೆ ಕೂರುತ್ತೇನೆ. ಪರದೆ ಮೇಲೆ ವಾರದಲ್ಲಿ ಬಿದ್ದದ್ದನ್ನು ಉಗ್ರಾಣಕ್ಕೆ ಹಾಕಿ, ಶುಕ್ರವಾರದ ತನಕದ ತೂಕ ಕೂಡಿಸಿ ಪೆನ್‌ಡ್ರೈವಿಗೆ ನಕಲು ತೆಗೆಯುತ್ತೇನೆ. ಮತ್ತೆ ಒಂದು ಹಾಳೆ ಪ್ರಿಂಟು ತೆಗೆದು ಕಣದ ಗೋಡೆಗೆ ಅಂಟಿಸುತ್ತೇನೆ. ಓದಲು ಬರುವವರು ಬಾರದವರಿಗೆ ಓದಿ ಹೇಳುತ್ತಾರೆ. ಆ ನೋಟ್‌ಬುಕ್ಕಿನ ಹೆಂಗಸು ಈಗಲೂ ತನ್ನ ಗೆರೆಗಳನ್ನು ಎಳೆಸುತ್ತಾಳೆ. ಬೇಡ ಅಂತ ನಾನು ಹೇಳಿಲ್ಲ.