ಹಳೆ ಸೋಗೆ ಹೇಳುವ ಲೆಕ್ಕ

ಅರೆಕಾ ಪಾಮ್‌ಗೆ ಯಾವ ಗೊಬ್ಬರ ಹಾಕಲಿ ಎಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಕೇಳಿದರೆ ನಾನೀಗ ಗೊಬ್ಬರದ ಹೆಸರು ಹೇಳಲು ಹೋಗುವುದಿಲ್ಲ. ಕುಂಡ ಎಲ್ಲಿಟ್ಟಿದ್ದೀರಿ, ಕಿಟಕಿಯಿಂದ ಎಷ್ಟು ದೂರ, ಹಾಕುವುದು ಕಾವೇರಿ ನೀರೋ ಬೋರ್‌ವೆಲ್ಲಿನದೋ, ಹಳದಿಯಾಗಿರುವುದು ಹಳೆ ಎಲೆಯೋ ಹೊಸದೋ ಎಂದು ತಿರುಗಿ ಕೇಳುತ್ತೇನೆ. ಕೇಳಿದವರಿಗೆ ಬೇಸರವಾಗುತ್ತದೆ. ಒಂದು ಪೊಟ್ಟಣದ ಹೆಸರು ಸಿಕ್ಕಿದ್ದರೆ ಸಾಕಿತ್ತು ಅವರಿಗೆ. ಆದರೆ ಮನೆಯೊಳಗಿನ ಗಿಡಕ್ಕೆ ಹಸಿವು ಎಷ್ಟು ಎಂಬುದನ್ನು ನಿಶ್ಚಯಿಸುವುದು ಬೆಳಕು. ಅದು ಗೊತ್ತಾಗದೆ ಗೊಬ್ಬರದ ಮಾತೆತ್ತಿ ಉಪಯೋಗವಿಲ್ಲ.

ಈ ಗಿಡ ಮಡಗಾಸ್ಕರಿನದು. ಹೆಸರಿನಲ್ಲಿ ಅರೆಕಾ ಇದ್ದರೂ ನಮ್ಮ ಅಡಿಕೆಯಲ್ಲ, ಅಡಿಕೆಯ ದೂರದ ನೆಂಟ. ಬೆಂಗಳೂರಿನ ಹಾಲ್‌ಗಳಲ್ಲಿ ಇದು ಇಷ್ಟೊಂದು ತುಂಬಿಕೊಳ್ಳಲು 2009ರಲ್ಲಿ ದೆಹಲಿಯ ಕಮಲ್ ಮೀಟಲ್ ಟೆಡ್ ವೇದಿಕೆಯಲ್ಲಿ ಮಾಡಿದ ಪುಟ್ಟ ಭಾಷಣವೂ ಒಂದು ಕಾರಣವಿರಬೇಕು. ಒಬ್ಬರಿಗೆ ಭುಜದೆತ್ತರದ ನಾಲ್ಕು ಅರೆಕಾ ಇದ್ದರೆ ಮನೆಯ ಗಾಳಿ ಚೊಕ್ಕಟವಾಗುತ್ತದೆ ಎಂದಿದ್ದರು ಅವರು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿ, ಸಾಮಾನ್ಯ ಗಾಳಿಯಾಟದ ಸಮಕ್ಕೆ ಬರಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದರು. ಅಷ್ಟು ಗಿಡ ಇಟ್ಟರೆ ಮನುಷ್ಯರು ಹೊರಗೆ ಮಲಗಬೇಕು. ಗಾಳಿಯ ಆಸೆ ಬಿಟ್ಟು, ನೋಡಲು ಚೆಂದ ಎಂದು ಇಟ್ಟುಕೊಂಡರೆ ಅದನ್ನು ಸಾಕುವುದೂ ಹಗುರವಾಗುತ್ತದೆ.

ಲಾಲ್‌ಬಾಗಿನ ಪಕ್ಕ ಸಿದ್ದಾಪುರದ ನರ್ಸರಿಗಳಲ್ಲಿ ಅರೆಕಾ ಹಸಿರು ನೆರಳುಬಲೆಯ ಕೆಳಗೆ ಬೆಳೆದು ನಿಂತಿರುತ್ತದೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಎಂದಿಟ್ಟುಕೊಳ್ಳಿ. ಬಲೆ ಅದರಲ್ಲಿ ಅರ್ಧ ತಡೆದರೂ ಐವತ್ತು ಸಾವಿರ ಉಳಿಯಿತು. ಅದೇ ಗಿಡವನ್ನು ಆಟೋದಲ್ಲಿ ತಂದು ಸೋಫಾದ ಮೂಲೆಗಿಟ್ಟು ಮೊಬೈಲಿನಲ್ಲಿ ಅಳೆದರೆ ಕೆಲವು ನೂರು ಲಕ್ಸ್ ತೋರಿಸುತ್ತದೆ. ನರ್ಸರಿಯ ಬೆಳಕಿಗೆ ತಕ್ಕಂತೆ ಉಣ್ಣುತ್ತಿದ್ದ ಗಿಡ ಇಲ್ಲಿ ಮೊದಲಿನಷ್ಟು ಎಲೆಗಳನ್ನು ಸಾಕಲಾರದೆ ಕೆಳಗಿನ ಕೆಲವನ್ನು ಬಿಡುತ್ತದೆ. ತಂದ ಹೊಸದರಲ್ಲಿ ಹೀಗೆ ಎಲೆ ಹಳದಿಯಾಗುವುದು ಹಸಿವಿನಿಂದಲ್ಲ. ಚೀಲದ ಮಣ್ಣಿನಲ್ಲಿ ಆಗಲೇ ಹಾಕಿದ ಗೊಬ್ಬರವೂ ಇರುತ್ತದೆ, ಕೆಲವೊಮ್ಮೆ ಸಾಸಿವೆಗಿಂತ ದಪ್ಪದ ಉಂಡೆಗಳು ಬರಿಗಣ್ಣಿಗೇ ಕಾಣುತ್ತವೆ. ಮೊದಲ ಎರಡು ಮೂರು ತಿಂಗಳು ನಾನು ಏನೂ ಹಾಕುವುದಿಲ್ಲ. ಕಿಟಕಿಯ ಹತ್ತಿರ ಇಟ್ಟು, ಹೊಸ ಸುಳಿ ಬಿಚ್ಚಿಕೊಳ್ಳುವುದನ್ನು ಕಾಯುತ್ತೇನೆ.

ಎಲೆ ಓದುವುದನ್ನು ಕಲಿಸಿದವರು ಸಾಗರದ ಕಡೆ ಅಡಿಕೆ ತೋಟವಿರುವ ನನ್ನ ಚಿಕ್ಕಪ್ಪ. ಕಣ್ಣಿನ ಆಪರೇಷನ್ನಿಗೆಂದು ಬಂದವರು, ಹಸಿರು ಪಟ್ಟಿ ಬಿಚ್ಚಿದ ಮೇಲೆ ಹೊತ್ತು ಹೋಗದೆ ಮನೆಮನೆಯ ಕುಂಡ ನೋಡುತ್ತ ಓಡಾಡಿದರು. ಮೇಲಿನ ಮನೆಯ ನಿವೃತ್ತ ಟೀಚರ್ ತಮ್ಮ ಅರೆಕಾದ ಹಳದಿ ಎಲೆಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ತುಂಬುತ್ತಿದ್ದರು.

"ಸೋಗೆ ಯಾಕೆ ಕಡೀತಿದೀರಿ ಅಮ್ಮಾ?" ಎಂದರು ಚಿಕ್ಕಪ್ಪ.

"ಹಳದಿ ಆಗಿದೆ ಅಲ್ವಾ ಸರ್, ಮನೆಗೆ ಬಂದೋರ ಎದುರು ಚೆನ್ನಾಗಿ ಕಾಣಲ್ಲ."

"ಅದು ಗಿಡ ಕಟ್ಟಿಟ್ಟುಕೊಂಡ ಬುತ್ತಿ. ನೀವು ಕಡಿದ್ರೆ ಮೇಲಿನ ಸೋಗೆಯಿಂದ ಕೀಳೋಕೆ ಶುರು ಮಾಡುತ್ತೆ."

ಆಮೇಲೆ ಬುಟ್ಟಿಯಿಂದ ಒಂದು ಸೋಗೆ ತೆಗೆದು ಕಿಟಕಿಗೆ ಎದುರಾಗಿ ಹಿಡಿದು ತೋರಿಸಿದರು. ಸುಮ್ಮನೆ ನೋಡಿದಾಗ ಬರೀ ಹಳದಿ ಎನಿಸಿದ್ದ ಎಲೆಯಲ್ಲಿ, ಬೆಳಕು ಹಾಯ್ದಾಗ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಎಣ್ಣೆ ಇಳಿದ ಕಾಗದದಂತೆ ಹೊಳೆದವು. ತುದಿ ಸುಟ್ಟು ಮುರುಟಿತ್ತು, ನಡುನರದ ಹತ್ತಿರ ಇನ್ನೂ ಹಸಿರಿತ್ತು. ಅದು ಪೊಟ್ಯಾಷ್ ಕೊರತೆ. ಪೊಟ್ಯಾಷ್ ಗಿಡದೊಳಗೆ ಓಡಾಡುವ ಸತ್ವ. ಬೇರಿಗೆ ಸಿಗದಿದ್ದಾಗ ಗಿಡ ಅದನ್ನು ಹಳೆ ಎಲೆಯಿಂದ ತೆಗೆದು ಸುಳಿಗೆ ಕೊಡುತ್ತದೆ. ಹಳದಿಯನ್ನು ಕತ್ತರಿಸುತ್ತ ಹೋದರೆ ಎಲೆಗಳ ಸಂಖ್ಯೆ ಕುಗ್ಗುತ್ತದೆ, ಹಳದಿ ಹೋಗುವುದಿಲ್ಲ. ಪೂರಾ ಒಣಗಿ ಕಂದಾದದ್ದನ್ನಷ್ಟೇ ತೆಗೆಯಬೇಕು.

ಹಳೆ ಎಲೆಯ ಅಂಚುಗುಂಟ ಅಗಲವಾದ ಹಳದಿ ಪಟ್ಟಿ ಬಂದು ನಡುವೆ ಒತ್ತಾದ ಹಸಿರು ಉಳಿದಿದ್ದರೆ ಅದು ಮೆಗ್ನೀಸಿಯಂ ಕೊರತೆ. ಹೊಸ ಎಲೆಯೇ ಬಿಳಿಚಿ ಬಂದರೆ ಕಬ್ಬಿಣ ಸಿಗುತ್ತಿಲ್ಲ ಎಂದು ಅರ್ಥ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಅದಕ್ಕೇನು ಬರ? ಮಣ್ಣು ಗಟ್ಟಿ ಕಟ್ಟಿ ಬೇರಿಗೆ ಉಸಿರಾಡಲು ಜಾಗವಿಲ್ಲ, ಇಲ್ಲವೇ ನೀರಿನ ಕ್ಷಾರ ಕಬ್ಬಿಣವನ್ನು ಹಿಡಿದಿಟ್ಟಿದೆ. ಇನ್ನೊಂದು ಹಳದಿ ಇದೆ, ದಂಟಿನದು. ಬೆಳಕು ಚೆನ್ನಾಗಿರುವ ಕಡೆ ಅರೆಕಾದ ದಂಟು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅದು ರೋಗವಲ್ಲ. ಚಿಕ್ಕಪ್ಪ ಮೊದಲು ಬೆಚ್ಚಿದ್ದು ಅದಕ್ಕೇ. ಶೃಂಗೇರಿ, ಸುಳ್ಯದ ಕಡೆ ಹಳದಿ ಎಲೆ ರೋಗ ಎಷ್ಟು ಅಡಿಕೆ ತೋಟಗಳನ್ನು ತಿಂದಿದೆ ಎಂದು ಕೇಳಿ ಬಲ್ಲವರಿಗೆ ಹಳದಿ ಎಂದರೆ ಎದೆ ಝಲ್ಲೆನ್ನುವುದು ಸಹಜ.

ಗೊಬ್ಬರಕ್ಕೆ ಚಿಕ್ಕಪ್ಪ ಹೇಳಿದ ಲೆಕ್ಕ ಅಡಿಕೆಯದು. ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸು ಇದೇ. ತೆಂಗಿಗಂತೂ ಸಾರಜನಕ 500 ಗ್ರಾಂ ಆದರೆ ಪೊಟ್ಯಾಷ್ 1200 ಗ್ರಾಂ. ಆಮೇಲೊಮ್ಮೆ ಫ್ಲೋರಿಡಾ ವಿಶ್ವವಿದ್ಯಾಲಯದವರು ಅಲ್ಲಿನ ಬೀದಿ, ತೋಟಗಳ ತಾಳೆ ಜಾತಿಯ ಮರಗಳಿಗೆ ಹೇಳುವ ಪ್ರಮಾಣ ಓದಿದೆ. ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 8-2-12, ಮೇಲೆ ಶೇಕಡಾ 4 ಮೆಗ್ನೀಸಿಯಂ. ಮಣ್ಣು ಬೇರೆ, ಮಳೆ ಬೇರೆ, ಮರ ಬೇರೆ. ಆದರೂ ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು, ರಂಜಕ ಎಲ್ಲಕ್ಕಿಂತ ಕಡಿಮೆ ಎಂಬುದು ಎರಡೂ ಕಡೆ ಒಂದೇ. ಅಂಗಡಿಗಳಲ್ಲಿ ಹೂಗಿಡಕ್ಕೆಂದು ಮಾರುವ, ರಂಜಕವೇ ಮೇಲುಗೈಯಾದ ಪುಡಿಗಳು ಈ ಗಿಡಕ್ಕೆ ಯಾಕೆ ಒಗ್ಗುವುದಿಲ್ಲ ಎಂಬುದು ನನಗೆ ಅಲ್ಲಿಗೆ ಅರ್ಥವಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಚಿಕ್ಕಪ್ಪನ ಮಾತು ಕೇಳಲಿಲ್ಲ. "ಒಲೆ ಬೂದಿ ಒಂದೊಂದು ಹಿಡಿ ಹಾಕು, ಪೊಟ್ಯಾಷ್ ಅದರಲ್ಲೇ ಇದೆ" ಎಂದಿದ್ದರು. ಇದೆ, ನಿಜ. ಮಲೆನಾಡಿನ ಮಳೆಗೆ ತೊಳೆದುಹೋದ ಹುಳಿಮಣ್ಣಿಗೆ ಬೂದಿ ಸುಣ್ಣದ ಕೆಲಸವನ್ನೂ ಮಾಡುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವಂಥದ್ದು. ಕುಂಡದ ಮಣ್ಣು ಈ ನೀರಿನಿಂದಲೇ ಕ್ಷಾರವಾಗಿದೆ, ಮೇಲೆ ಬೂದಿಯೂ ಬಿದ್ದರೆ ಹೊಸ ಎಲೆ ಬಿಳಿಚದೆ ಇನ್ನೇನಾಗುತ್ತದೆ? ತೋಟದಲ್ಲಿ ಹಾಕುವ ಪೊಟ್ಯಾಷ್ ಗೊಬ್ಬರ ಎಂಓಪಿಯನ್ನೂ ನಾನು ಕುಂಡಕ್ಕೆ ಹಾಕುವುದಿಲ್ಲ, ಅದರಲ್ಲಿ ಕ್ಲೋರೈಡ್ ಇದೆ, ಇಷ್ಟು ಮಣ್ಣಿಗೆ ಅದರ ಉಪ್ಪು ಜಾಸ್ತಿ. ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಡ್ರಿಪ್ಪಿನಲ್ಲಿ ಬಿಡುವ 13:0:45 ಗೊಬ್ಬರದ ಒಂದು ಕಿಲೋ ಪ್ಯಾಕೆಟ್ ತಂದಿಟ್ಟುಕೊಂಡಿದ್ದೇನೆ. ಐದು ಲೀಟರಿನ ಬಕೆಟ್ಟಿಗೆ ಅರ್ಧ ಟೀ ಚಮಚ ಅದು, ಅರ್ಧ ಟೀ ಚಮಚ 19:19:19. ಎರಡೂ ಸೇರಿ ಲೀಟರಿಗೆ ಸುಮಾರು ಒಂದು ಗ್ರಾಂ ಆಗುತ್ತದೆ. ಹಳೆ ಎಲೆಯ ಅಂಚು ಹಳದಿಯಾಗಿದ್ದರೆ ಮಾತ್ರ ಮೆಗ್ನೀಸಿಯಂ ಸಲ್ಫೇಟ್, ಅದೂ ಅಷ್ಟೇ ಅಳತೆ. ಮಣ್ಣು ಹಸಿಯಾಗಿರುವಾಗ ಹಾಕುತ್ತೇನೆ. ಕಿಟಕಿಯ ಬಳಿಯ ಗಿಡಕ್ಕೆ ಮಾರ್ಚಿನಿಂದ ಅಕ್ಟೋಬರಿನವರೆಗೆ ತಿಂಗಳಿಗೊಮ್ಮೆ, ಒಳಗಿನ ಮೂಲೆಯದಕ್ಕೆ ಎರಡು ತಿಂಗಳಿಗೊಮ್ಮೆ. ಚಳಿಗಾಲದಲ್ಲಿ ಯಾವುದಕ್ಕೂ ಇಲ್ಲ.

ಕಡಲೆಕಾಯಿ ಹಿಂಡಿ ನೆನೆಸಿದ ನೀರು ಬಾಲ್ಕನಿಯ ಗುಲಾಬಿಗೆ ಬಲು ಒಳ್ಳೆಯದು. ಹಾಲ್‌ನೊಳಗೆ ಹಾಕಿ ನೋಡಿ, ನೆಂಟರು ಬೇಗ ಎದ್ದು ಹೋಗುತ್ತಾರೆ, ಸಣ್ಣ ಕಪ್ಪು ನೊಣಗಳು ಉಳಿದುಕೊಳ್ಳುತ್ತವೆ. ಒಳಗಿನ ಗಿಡಕ್ಕೆ ಎರೆಗೊಬ್ಬರ ಸಾಕು, ವರ್ಷಕ್ಕೆರಡು ಬಾರಿ ಒಂದೆರಡು ಹಿಡಿ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಬಗ್ಗೆ ನನಗೆ ಅಂಥ ಭಕ್ತಿಯಿಲ್ಲ.

ಎಲೆಯ ತುದಿ ಮಾತ್ರ ಕಂದಾಗುವುದು ಬಹಳ ಮನೆಗಳ ದೂರು. ಅದಕ್ಕೆ ಇನ್ನಷ್ಟು ಗೊಬ್ಬರ ಹಾಕುವವರೇ ಹೆಚ್ಚು. ಕುಂಡದ ಬಾಯಂಚು ನೋಡಿದರೆ ಉತ್ತರ ಅಲ್ಲೇ ಇರುತ್ತದೆ: ಉಗುರಿನಲ್ಲಿ ಕೆರೆದರೆ ಉದುರುವ ಬಿಳಿ ಹೊಪ್ಪಳಿಕೆ. ಅದು ಗೊಬ್ಬರದ, ನೀರಿನ ಉಪ್ಪು. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹುಯ್ಯುವವರಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ನೆಲ ಒರೆಸಲು ಬಳಸಿದರೆ ಒಳ್ಳೆಯದು. ಸಾಫ್ಟನರ್ ದಾಟಿ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಅದಕ್ಕೂ ಅರೆಕಾದ ತುದಿ ಸುಡುತ್ತದೆ. ಮಳೆಗಾಲದಲ್ಲಿ ನಾನು ಕುಂಡವನ್ನು ಬಾಲ್ಕನಿಯ ಅಂಚಿಗೆ ಎಳೆದು, ಒಂದೆರಡು ಒಳ್ಳೆ ಮಳೆಯಲ್ಲಿ ತೊಯ್ಯಲು ಬಿಡುತ್ತೇನೆ. ತಳದ ತಟ್ಟೆ ತೆಗೆದಿಟ್ಟಿರಬೇಕು, ಇಲ್ಲದಿದ್ದರೆ ಇಳಿದ ಉಪ್ಪನ್ನೇ ಮಣ್ಣು ಮತ್ತೆ ಹೀರುತ್ತದೆ. ಮಳೆ ಕೈಕೊಟ್ಟರೆ ಬಚ್ಚಲಿನಲ್ಲಿಟ್ಟು, ಕುಂಡದ ಗಾತ್ರದ ನಾಲ್ಕೈದು ಪಟ್ಟು ಕಾವೇರಿ ನೀರು ನಿಧಾನಕ್ಕೆ ಹರಿಸಿದರಾಯಿತು.

ಈಗ ಉಳಿದಿರುವುದು ನಮ್ಮ ಲಿಫ್ಟ್ ಲಾಬಿಯ ಅರೆಕಾ. ಅಲ್ಲಿ ಕಿಟಕಿಯಿಲ್ಲ, ಟ್ಯೂಬ್‌ಲೈಟ್ ಮಾತ್ರ. ಅಸೋಸಿಯೇಷನ್ ಸಭೆಯಲ್ಲಿ ಪ್ರತಿ ಸಲ ಅದಕ್ಕೆ ಒಳ್ಳೆ ಗೊಬ್ಬರ ತರಿಸುವ ಮಾತು ಬರುತ್ತಿತ್ತು. ಗೊಬ್ಬರದ ದುಡ್ಡಿನಲ್ಲೇ ಇನ್ನೊಂದು ಕುಂಡ ತರಿಸಿ, ಒಂದು ಲಾಬಿಯಲ್ಲಿದ್ದಾಗ ಇನ್ನೊಂದು ತಾರಸಿಯ ನೆರಳುಬಲೆಯ ಕೆಳಗಿರಲಿ ಎಂದು ಒಪ್ಪಿಸಿದೆ. ಕೆಲವು ವಾರಗಳಿಗೊಮ್ಮೆ ಮಾಲಿ ಎರಡನ್ನೂ ಅದಲುಬದಲು ಮಾಡುತ್ತಾನೆ. ಲಾಬಿಯ ಪಾಳಿಯಲ್ಲಿ ಬರೀ ನೀರು, ಅದೂ ಬೆರಳಿಟ್ಟು ಮಣ್ಣು ಒಣಗಿದ್ದರೆ ಮಾತ್ರ. ಗೊಬ್ಬರದ ಬಕೆಟ್ ಇರುವುದು ತಾರಸಿಯಲ್ಲಿ.