ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮುನ್ನ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿಗೆ ದಿನಕ್ಕೆ 500 ಜನ ಬಂದುಹೋಗುತ್ತಾರೆ ಎಂದಾದರೆ ಅಲ್ಲಿ ಸಿಸಿಟಿವಿ ಕ್ಯಾಮೆರಾ ಇರಲೇಬೇಕು. ಬೇಕೋ ಬೇಡವೋ ಎಂದು ಮಾಲೀಕರು ಯೋಚಿಸುವಂತಿಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ ಹಾಗೆ ಹೇಳುತ್ತದೆ. ಒಂದೇ ಹೊತ್ತಿಗೆ 100 ಅಥವಾ ದಿನಕ್ಕೆ 500 ಮಂದಿ ಸೇರುವ ಅಂಗಡಿ, ಆಸ್ಪತ್ರೆ, ಕಾಲೇಜು, ದೇವಸ್ಥಾನ, ಬಸ್ ನಿಲ್ದಾಣಗಳಿಗೆಲ್ಲ ಇದು ಅನ್ವಯ. ಚಿತ್ರೀಕರಿಸಿದ್ದನ್ನು 30 ದಿನ ಕಾಪಿಡಬೇಕು, ಇನ್‌ಸ್ಪೆಕ್ಟರ್ ಕೇಳಿದರೆ ಕೊಡಬೇಕು.

ಈ 30 ದಿನ ಎಂಬ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾಗರಿಕರ ಹಕ್ಕು ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಖಾಸಗಿಯವರ ಕ್ಯಾಮೆರಾಗಳ ಜೊತೆಗೆ ಸರ್ಕಾರದ್ದೂ ಇವೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿಯೊಂದಿಗೆ ದಾವಣಗೆರೆಯೂ ಇತ್ತು. ಆ ಯೋಜನೆಯಲ್ಲಿ ನಗರಕ್ಕೊಂದು ಕಮಾಂಡ್ ಮತ್ತು ಕಂಟ್ರೋಲ್ ಕೇಂದ್ರ ಬಂತು. ಸರಗಳ್ಳರನ್ನು, ಡಿಕ್ಕಿ ಹೊಡೆದು ಪರಾರಿಯಾಗುವ ವಾಹನಗಳನ್ನು ಹಿಡಿಯಲು ಕ್ಯಾಮೆರಾ ನೆರವಾಗುತ್ತದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಪಿ.ಬಿ. ರಸ್ತೆಯಲ್ಲಿ ಓಡಾಡುವ ಸಾಮಾನ್ಯ ಮನುಷ್ಯನ ಮುಖವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರ ಕೈಗೆ ಕೊಡುತ್ತಾರೆ ಎಂಬ ಆತಂಕ ನ್ಯಾಯವಾದದ್ದೇ.

ಆ ಆತಂಕಕ್ಕೆ ಸಂವಿಧಾನದ ಬಲ ದೊರಕಿಸಿದವರು ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಸರ್ಕಾರ ಈ ಹಕ್ಕಿಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ರಸ್ತೆಗೆ ಇಳಿದ ಮಾತ್ರಕ್ಕೆ ಈ ಹಕ್ಕು ಕಳಚಿಬೀಳುವುದಿಲ್ಲ.

ವಾಹನ ಸವಾರರಿಗೆ ಸಂಬಂಧಿಸಿದ ನಿಯಮವೊಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167ಎ ನಿಯಮ 132 ನಗರಗಳನ್ನು ಹೆಸರಿಸುತ್ತದೆ, ದಾವಣಗೆರೆ ಅವುಗಳಲ್ಲೊಂದು. ದಂಡಕ್ಕೆ ಬಳಸುವ ಕ್ಯಾಮೆರಾಗೆ ಅನುಮೋದನಾ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಕ್ಯಾಮೆರಾ ಕಣ್ಣಿಟ್ಟಿರುವ ರಸ್ತೆಗೆ ಮೊದಲೇ, ಎದ್ದುಕಾಣುವಂತೆ ಎಚ್ಚರಿಕೆ ಫಲಕ ಹಾಕಬೇಕು. ನೋಟಿಸಿನ ಜೊತೆ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೊ, ದಿನಾಂಕ, ಸಮಯ, ಸ್ಥಳ ಇರಬೇಕು. ಇವು ಇಲ್ಲದಿದ್ದರೆ ದಂಡವನ್ನು ಪ್ರಶ್ನಿಸಬಹುದು.

ಪೊಲೀಸರು ಜನರ ಮೇಲೆ ಕಣ್ಣಿಟ್ಟಂತೆ ಪೊಲೀಸರ ಮೇಲೂ ಕಣ್ಣಿರಬೇಕು. 2024ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಚನ್ನಗಿರಿ ಠಾಣೆಗೆ ಕರೆತಂದಿದ್ದ ಯುವಕನೊಬ್ಬ ಮೃತಪಟ್ಟಾಗ ಮನೆಯವರು ಪೊಲೀಸರ ಮೇಲೆ ಆರೋಪ ಹೊರಿಸಿದರು, ಅದು ಲಾಕಪ್ ಸಾವಲ್ಲ ಎಂದು ಸರ್ಕಾರ ಹೇಳಿತು, ಉದ್ರಿಕ್ತ ಗುಂಪು ಠಾಣೆಯ ಮೇಲೆ ಕಲ್ಲು ತೂರಿತು, ತನಿಖೆ ಸಿಐಡಿಗೆ ಹೋಯಿತು. ಇಂಥ ಹೊತ್ತಿನಲ್ಲಿ ಎರಡೂ ಕಡೆಯವರಿಗೆ ಬೇಕಾದ ಸಾಕ್ಷಿ ಠಾಣೆಯೊಳಗಿನ ಕ್ಯಾಮೆರಾ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಕೊಟ್ಟ ಆದೇಶ ಸ್ಪಷ್ಟವಾಗಿದೆ: ಪ್ರತಿ ಠಾಣೆಯ ಬಾಗಿಲು, ಲಾಕಪ್, ಓಣಿ, ಜಗಲಿ, ಇನ್‌ಸ್ಪೆಕ್ಟರ್ ಕೊಠಡಿಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯದ ಜೊತೆ ಧ್ವನಿಯೂ ದಾಖಲಾಗಬೇಕು, ದಾಖಲೆ 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು. ಹಕ್ಕು ಉಲ್ಲಂಘನೆಯಾದರೆ ಆ ದೃಶ್ಯವನ್ನು ಕಾದಿರಿಸುವಂತೆ ಕೇಳುವ ಹಕ್ಕು ಸಂತ್ರಸ್ತರಿಗಿದೆ. ಈ ಮಾತು ಠಾಣೆಯ ಬಾಗಿಲಲ್ಲಿ ಜನರ ಭಾಷೆಯ ಫಲಕದಲ್ಲಿರಬೇಕು. ಮೇಲ್ವಿಚಾರಣೆಗೆ ಜಿಲ್ಲಾ ಸಮಿತಿ ಇರಬೇಕು. ಜಿಲ್ಲಾಧಿಕಾರಿ, ಎಸ್‌ಪಿ ಅದರ ಸದಸ್ಯರು, ನಗರದ ಮೇಯರ್‌ಗೂ ಅಲ್ಲಿ ಸ್ಥಾನವಿದೆ. ದಾವಣಗೆರೆ, ಹರಿಹರದ ಠಾಣೆಗಳಿಗೆ ಹೋದವರು ಬಾಗಿಲಲ್ಲಿ ಆ ಫಲಕವಿದೆಯೇ ಎಂದು ನೋಡಲಿ, ಇಲ್ಲದಿದ್ದರೆ ಕೇಳಲಿ.

ಇನ್ನು ದೃಶ್ಯ ಬೇಕಾದಾಗ ಮಾಡಬೇಕಾದದ್ದು. ಹರಿಹರದ ಬಸ್ ನಿಲ್ದಾಣದಲ್ಲಿ ಜೇಬು ಕತ್ತರಿಸಿದರು ಎಂದುಕೊಳ್ಳೋಣ. ಬಹಳಷ್ಟು ಜನ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ. ಅದಕ್ಕೆ ಉತ್ತರಿಸಲು ಅಧಿಕಾರಿಗೆ 30 ದಿನ ಕಾಲಾವಕಾಶವಿದೆ. ದೃಶ್ಯದ ಆಯುಷ್ಯವೂ ಅಷ್ಟೇ! ಉತ್ತರ ಬರುವಷ್ಟರಲ್ಲಿ ದಾಖಲೆ ಅಳಿಸಿಹೋಗಿರುತ್ತದೆ. ಆದ್ದರಿಂದ ಅದೇ ದಿನ ಬಿಳಿ ಹಾಳೆಯೊಂದರಲ್ಲಿ ಸ್ಥಳ, ದಿನಾಂಕ, ಎಷ್ಟರಿಂದ ಎಷ್ಟು ಗಂಟೆಯ ದೃಶ್ಯ ಎಂದು ಬರೆದು, ಅಳಿಸದೆ ಕಾದಿರಿಸಿ ಎಂದು ಕ್ಯಾಮೆರಾ ಯಾರದೋ ಅವರಿಗೂ ಠಾಣೆಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ದೂರು ದಾಖಲಾದ ಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 94ರಡಿ ದಾಖಲೆ ಹಾಜರುಪಡಿಸಲು ಠಾಣಾಧಿಕಾರಿ ಆದೇಶಿಸಬಹುದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಕಲಂ 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು.

ಮಾಹಿತಿ ಹಕ್ಕು ಬೇರೆ ಪ್ರಶ್ನೆಗಳಿಗೆ ಒಳ್ಳೆಯ ದಾರಿ. ನಗರದಲ್ಲಿ ಕ್ಯಾಮೆರಾ ಎಷ್ಟಿವೆ, ಮುಖ ಗುರುತಿಸುವ ತಂತ್ರಾಂಶ ಬಳಸುತ್ತಾರೆಯೇ, ಠಾಣಾ ಕ್ಯಾಮೆರಾಗಳ ಜಿಲ್ಲಾ ಸಮಿತಿ ಯಾವಾಗ ಸಭೆ ಸೇರಿತು ಎಂದು ಕೇಳಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ ಉತ್ತರಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಪರಾಧ ತಡೆ ಮತ್ತು ತನಿಖೆಗೆ ದೊಡ್ಡ ವಿನಾಯಿತಿ ಕೊಟ್ಟಿದೆ. ಇದು ನಾಗರಿಕರ ಪಾಲಿಗೆ ನಿರಾಸೆಯ ಸಂಗತಿ. ಬಟ್ಟೆ ಬದಲಿಸುವ ಕೋಣೆ, ಶೌಚಾಲಯದಲ್ಲಿ ಕದ್ದು ಚಿತ್ರೀಕರಿಸುವುದು ಮಾತ್ರ ಯಾರು ಮಾಡಿದರೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ ಕಲಂ 77, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಇಂಥ ಕೃತ್ಯಕ್ಕೆ ಜೈಲು ಶಿಕ್ಷೆ ವಿಧಿಸುತ್ತವೆ.

ಅರ್ಜಿ ಬರೆಯಲು ನೆರವು ಬೇಕಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ವಕೀಲರ ಸೇವೆ ಉಚಿತ. ದೃಶ್ಯ ಕಾದಿರಿಸುವ ಪತ್ರವನ್ನು ಮಾತ್ರ ವಕೀಲರು ಸಿಗುವವರೆಗೆ ತಡೆಯದೆ ಆ ದಿನವೇ ಕೊಡಿ.